ಮೂರು ಸಲ ಕಳಿಸಿದರೂ ಉತ್ತರ ಯಾಕಿಲ್ಲ?

ಪ್ರಿಯ ಓದುಗರೇ,

ಮೂಡಿಗೆರೆಯಿಂದ ನೀವು ಬರೆದ ಪತ್ರ ತಲುಪಿತು. ನಿಮ್ಮ ಡಿಟಿಪಿ ಅಂಗಡಿಯ ಲಿನಕ್ಸ್ ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ಮಾಡುವಾಗ, ಒಂದು ಒತ್ತಕ್ಷರ ಹೊಡೆದ ಕೂಡಲೇ ಪ್ರೋಗ್ರಾಮ್ ಮುಚ್ಚಿಹೋಗುತ್ತದೆ. ‘ತೊಂದರೆ ತಿಳಿಸುತ್ತೀರಾ?’ ಎಂದು ಪರದೆಯ ಮೇಲೆ ಕೇಳುತ್ತದೆ. ಮೂರು ಸಲ ಕಳಿಸಿದರೂ ಉತ್ತರವಿಲ್ಲ. ‘ಹಾಗಾದರೆ ಸುಮ್ನೆ ಯಾಕೆ ಕೇಳಬೇಕು?’ ಅಂದಿದ್ದೀರಿ.

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಯಾವ ಲಿನಕ್ಸ್ ಎಂದು ನೀವು ಬರೆದಿಲ್ಲ. ಹಾಗಾಗಿ ಜಾಸ್ತಿ ಬಳಕೆಯಲ್ಲಿರುವ ಮೂರು ಬಗೆಯ ಲಿನಕ್ಸ್‌ಗಳ, ಅಂದರೆ ಉಬುಂಟು, ಫೆಡೋರಾ, ಡೆಬಿಯನ್‌ಗಳ ವಿಷಯ ಹೇಳುತ್ತೇನೆ.

ಉಬುಂಟುವಿನಲ್ಲಿ ಹೀಗೆ ಕೇಳಿ ವರದಿ ಕಳಿಸುವ ಪ್ರೋಗ್ರಾಮ್ ಅಪ್ಪೋರ್ಟ್. 2012ರಲ್ಲಿ ಬಂದ 12.04 ಆವೃತ್ತಿಯಿಂದ, ನಾವು ಒತ್ತಿ ಕಳಿಸುವ ಕ್ರ್ಯಾಶ್ (ಪ್ರೋಗ್ರಾಮ್ ಕುಸಿದ) ವರದಿಗಳು ಎಣಿಕೆಗೆ ಹೋಗುತ್ತವೆ. ಯಾವ ಪ್ಯಾಕೇಜ್ (ಪ್ರೋಗ್ರಾಮಿನ ಕಟ್ಟು) ಎಷ್ಟು ಸಲ ಕುಸಿಯಿತು ಎಂದು ಅಲ್ಲಿ ಲೆಕ್ಕವಾಗುತ್ತದೆ. ಅದು ಕೆಲಸಕ್ಕೆ ಬರುವ ಲೆಕ್ಕವೇ. ಆದರೆ ಉತ್ತರ ಬರುವ ದಾರಿ ಅದಲ್ಲ. ಈ ಮಾತನ್ನು ಆ ಪರದೆಯ ಮೇಲೇ ಹೇಳಬೇಕಿತ್ತು, ಅಲ್ವಾ? ಉತ್ತರ ಬೇಕೆಂದರೆ ಉಬುಂಟುವಿನ ತೊಂದರೆಗಳನ್ನು ದಾಖಲಿಸುವ ಜಾಲತಾಣ ಲಾಂಚ್‌ಪ್ಯಾಡ್‌ನಲ್ಲಿ ಖಾತೆ ತೆರೆದು ಬರೆಯಬೇಕು. ಫೆಡೋರಾದಲ್ಲಿ ಇದೇ ಕೆಲಸ ಮಾಡುವ ಪ್ರೋಗ್ರಾಮ್ ಎಬಿಆರ್‌ಟಿ. ಅದರಿಂದ ಹೀಗೆ ಬರೆಯಲೂ ಅಲ್ಲಿನ ತೊಂದರೆ ದಾಖಲಿಸುವ ತಾಣ ಬಗ್‌ಜಿಲ್ಲಾದಲ್ಲಿ ಖಾತೆ ಬೇಕು. ಜೊತೆಗೆ ದೊಡ್ಡ ಫೈಲುಗಳನ್ನು ಇಳಿಸಬೇಕಾಗಬಹುದು, ಇಲ್ಲವೇ ಕಳಿಸಬೇಕಾಗಬಹುದು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವ ನಮ್ಮ ಮಲೆನಾಡಿನಲ್ಲಿ ಅದು ಅರ್ಧಕ್ಕೇ ನಿಲ್ಲುತ್ತದೆ.

ಇನ್ನೊಂದು ಮಾತು. ಪ್ರೋಗ್ರಾಮ್ ಕುಸಿದಾಗ ಮೆಮೊರಿಯಲ್ಲಿದ್ದದ್ದೂ ವರದಿಯ ಜೊತೆ ಹೋಗಬಹುದು. ಗಿರಾಕಿಯ ಪಹಣಿ, ಫೋನ್ ನಂಬರ್ ತೆರೆದಿದ್ದಾಗ ದಯವಿಟ್ಟು ಯೋಚಿಸಿ ಒತ್ತಿ.

ನನಗೆ ಹಿಡಿಸಿದ್ದು ಡೆಬಿಯನ್ ದಾರಿ. ಅಲ್ಲಿ ಪ್ರಶ್ನೆ ಕೇಳಿ ವರದಿ ಬರೆಸುವ ರಿಪೋರ್ಟ್‌ಬಗ್ ಎಂಬ ಪ್ರೋಗ್ರಾಮ್ ಇದೆ. ಅದರ ಪ್ರಶ್ನೆಗಳು ಬೇಡವೆನಿಸಿದರೆ ಡೆಬಿಯನ್‌ನವರಿಗೆ ಒಂದು ಇಮೇಲ್ ಸಾಕು, ಖಾತೆಯೇ ಬೇಡ. ಮೊದಲ ಎರಡು ಸಾಲಿನಲ್ಲಿ ಪ್ಯಾಕೇಜಿನ ಹೆಸರು, ಆವೃತ್ತಿ ಅವರು ಹೇಳಿದ ರೀತಿಯಲ್ಲೇ ಇರಬೇಕು. ನಿಮ್ಮ ವರದಿಗೆ ಒಂದು ನಂಬರ್ ಬರುತ್ತದೆ. ಆದರೆ ಪತ್ರವೂ ನಿಮ್ಮ ಇಮೇಲ್ ವಿಳಾಸವೂ ಎಲ್ಲರಿಗೂ ಕಾಣುತ್ತವೆ.

ಯಾವ ದಾರಿಯಾದರೂ ಸರಿ, ಒಂದು ಮಾತು ಮಾತ್ರ ನೀವೇ ಬರೆಯಬೇಕು. ಪ್ರೋಗ್ರಾಮ್ ಎಲ್ಲಿ ಮುರಿಯಿತು ಎಂದು ಯಂತ್ರ ಹೇಳಬಲ್ಲದು. ನೀವು ಯಾವ ಒತ್ತಕ್ಷರ ಹೊಡೆದಿರಿ, ಯಾವ ಫಾಂಟ್, ಪ್ರತಿ ಸಲವೂ ಹೀಗೇ ಆಗುತ್ತದೆಯೇ ಎಂದು ಅದು ಹೇಳಲಾರದು. ಸರಿಪಡಿಸುವವರಿಗೆ ಕನ್ನಡ ಬರದಿರಬಹುದು. ಹಾಗಾಗಿ ಕೀಲಿಗಳನ್ನು ಒತ್ತಿದ ಕ್ರಮ ತಿಳಿಸಿ, ಆ ಒಂದೇ ಪದವಿರುವ ಸಣ್ಣ ಫೈಲ್ ಲಗತ್ತಿಸಿ.

ಆ ಫೈಲನ್ನು ನಮಗೂ ಕಳಿಸಿ. ಹಾಸನದ ನಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ತೆರೆದು ನೋಡುತ್ತೇನೆ. ಇಲ್ಲೂ ಕುಸಿದರೆ ಅದನ್ನೂ ನಿಮ್ಮ ವರದಿಗೆ ಸೇರಿಸೋಣ.

— ಸಂಪಾದಕ