ಆಕೆಯ ಹೆಸರು ನಿಮಗೇಕೆ ಬೇಕು?

ಈ ಸಲ ಬಂದ ಪತ್ರಗಳಲ್ಲಿ ಒಂದನ್ನು ಮೂರು ಬಾರಿ ಓದಿದೆ. ಬರೆದವರು ನಿವೃತ್ತ ಮುಖ್ಯೋಪಾಧ್ಯಾಯಿನಿ. ನೀಲಿ ಶಾಯಿ, ಗೆರೆ ತಪ್ಪದ ದುಂಡಗಿನ ಅಕ್ಷರ. ತಮ್ಮ ಹೆಸರನ್ನೂ ಊರನ್ನೂ ಪ್ರಕಟಿಸಬಾರದೆಂದು ಕೊನೆಯಲ್ಲಿ ಕೋರಿದ್ದಾರೆ. ಪತ್ರದ ಸಾರ ಇದು:

"ಗಂಡನ ಮನೆಯಲ್ಲಿ ಏಟು ತಿಂದು ಬಂದ ಹೆಣ್ಣುಮಕ್ಕಳಿಗೆ ಆಸರೆ ಕೊಡುವ ಸಂಸ್ಥೆಯೊಂದರ ಆಡಳಿತ ಮಂಡಳಿಯಲ್ಲಿ ಆರು ವರ್ಷಗಳಿಂದ ಇದ್ದೇನೆ. ಒಂದು ಪೈಸೆ ಮುಟ್ಟಿಲ್ಲ, ಆಟೋ ಖರ್ಚೂ ನನ್ನದೇ. ಕಳೆದ ತಿಂಗಳು ಒಬ್ಬ ಹುಡುಗಿ ಬಂದು ಸೇರಿದಳು. ಅವಳ ತಂದೆ ತಾಯಿ ನನಗೆ ಪರಿಚಯದವರು ಇರಬಹುದೆನಿಸಿತು. ಯಾರ ಮಗಳು ಎಂದು ಕೇಳಿದರೆ, ಸಂಬಳಕ್ಕಿರುವ ಆಪ್ತಸಮಾಲೋಚಕಿ 'ಹೇಳುವಂತಿಲ್ಲ ಮೇಡಂ' ಎಂದಳು. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಒಂದು ಗಂಟೆ ಮಾತನಾಡಿದ್ದರೆ ಗೌರಿ ಹಬ್ಬಕ್ಕೆ ಮನೆ ಸೇರಿಸಬಹುದಿತ್ತು. ನಾವು ಚೆಕ್ಕಿಗೆ ಸಹಿ ಹಾಕಲು ಮಾತ್ರವೇ? ಮುಂದಿನ ತಿಂಗಳು ಅಧ್ಯಕ್ಷ ಸ್ಥಾನಕ್ಕೆ ನಿಲ್ಲಬೇಕೆಂದು ಎಲ್ಲರ ಒತ್ತಾಯ. ಇಂಥ ಅವಮಾನದ ನಡುವೆ ನಿಲ್ಲಬೇಕೇ?"

ಮಾನ್ಯರೆ, ನಿಮ್ಮ ಸಿಟ್ಟಿನಲ್ಲಿ ನ್ಯಾಯವಿಲ್ಲವೆಂದು ಹೇಳಲಾರೆ. ಸಂಘದ ನೋಂದಣಿ ಪತ್ರದಲ್ಲಿರುವುದು ನಿಮ್ಮ ಹೆಸರುಗಳು. ಲೆಕ್ಕ ತಪ್ಪಿದರೆ ನೋಟಿಸು ಬರುವುದು ನಿಮ್ಮ ಮನೆಗೆ, ಸಮಾಲೋಚಕಿಯ ಮನೆಗಲ್ಲ. ಬಾಗಿಲು ಹಾಕಿಕೊಂಡ ಸಂಸ್ಥೆಗಳಲ್ಲಿ ಏನೆಲ್ಲ ನಡೆಯಬಹುದು ಎಂಬುದೂ ನಮಗೆ ಗೊತ್ತಿದೆ. ಬಿಹಾರದ ಮುಜಫ್ಫರ್‌ಪುರದ ಬಾಲಿಕಾ ಗೃಹದಲ್ಲಿ ಹುಡುಗಿಯರ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ಕಥೆ 2018ರಲ್ಲಿ ಹೊರಬಂದದ್ದು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು ಒಳಹೊಕ್ಕು ನೋಡಿದ್ದರಿಂದ. ಮೇಲ್ವಿಚಾರಣೆ ಬೇಕು. ಇಷ್ಟನ್ನು ಒಪ್ಪಿಕೊಂಡು, ಇನ್ನು ಆ ಹುಡುಗಿಯ ಮತ್ತು ಆ ಸಮಾಲೋಚಕಿಯ ಪರವಾಗಿ ಮಾತನಾಡಲು ಅಪ್ಪಣೆ ಕೊಡಿ.

ನಿಮ್ಮ ಹೆಸರು ಪತ್ರಿಕೆಯಲ್ಲಿ ಬರಬಾರದೆಂದಿರಿ. ಬಂದರೆ ನಿಮಗೆ ಆಗಬಹುದಾದ ನಷ್ಟವೇನು? ಮಂಡಳಿಯಲ್ಲಿ ನಾಲ್ವರು ಮುಖ ಸಿಂಡರಿಸಬಹುದು. ಅವಳ ಹೆಸರು ಹೊರಬಿದ್ದರೆ ಗೇಟಿನ ಮುಂದೆ ಬಂದು ನಿಲ್ಲುವವನು ಯಾರೆಂದು ಯೋಚಿಸಿದ್ದೀರಾ?

ನಾನು ಯೋಚಿಸಿರಲಿಲ್ಲ. ವರದಿಗಾರನಾಗಿ ಸೇರಿದ ಹೊಸತರಲ್ಲಿ, ಒಂದು ಜಿಲ್ಲಾ ಕೇಂದ್ರದ ಆಸರೆ ಮನೆಯಲ್ಲಿ ಕಂಬಳಿ ಹಂಚುವ ಕಾರ್ಯಕ್ರಮ. ಗಣ್ಯರು ಹನ್ನೊಂದು ಜನ, ಕಂಬಳಿ ಒಂಬತ್ತು. ಫೋಟೋ ಚೆನ್ನಾಗಿ ಬಂದಿತೆಂದು ನಾನೇ ಹೇಳಿ ಮೂರು ಕಾಲಂ ಹಾಕಿಸಿದೆ. ನಾಲ್ಕನೆಯ ದಿನ ಒಬ್ಬಾತ ಅದೇ ಪುಟವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಆ ಮನೆಯ ಗೇಟಿಗೆ ಬಂದ. ಕಂಬಳಿ ಪಡೆಯುತ್ತಿದ್ದವಳು ಅವನ ಹೆಂಡತಿ. ಅಲ್ಲಿನ ಕಾವಲುಗಾರ ಗಟ್ಟಿಗನಿದ್ದ, ಬಚಾವಾಯಿತು. ಆದರೆ ಅಂದೇ ರಾತ್ರಿ ಅವಳನ್ನು ಮಗುವಿನೊಂದಿಗೆ ಬೇರೆ ಊರಿಗೆ ಕಳಿಸಬೇಕಾಯಿತು. ಅಲ್ಲಿನ ಮೇಲ್ವಿಚಾರಕಿ ನನಗೆ ಒಂದು ಮಾತೂ ಬೈಯಲಿಲ್ಲ. ಆ ಪುಟವನ್ನು ನನ್ನ ಮೇಜಿನ ಮೇಲಿಟ್ಟು ಹೋದರು.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ 2005ರದ್ದು, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಕಾಯ್ದೆಯನ್ನು ನಮ್ಮ ಸಂಸ್ಥೆಗಳು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುತ್ತವೆ, ನಿಯಮಗಳನ್ನು ಓದುವುದಿಲ್ಲ. ಗುಟ್ಟಾಗಿರಲಿ ಎಂದು ನೊಂದವಳು ಬಯಸಿದರೆ ಆಸರೆ ಮನೆ ಅವಳ ಗುರುತನ್ನು ಬಿಟ್ಟುಕೊಡುವಂತಿಲ್ಲ, ಆರೋಪ ಹೊತ್ತವನಿಗೆ ತಿಳಿಸುವಂತಿಲ್ಲ ಎಂದು ಆ ನಿಯಮಗಳಲ್ಲೇ ಇದೆ. ಇನ್ನೊಂದು ನಿಯಮ ನಿಮಗಾಗಿಯೇ ಬರೆದಂತಿದೆ: ನ್ಯಾಯಾಲಯ ನೇಮಿಸುವ ಸಮಾಲೋಚಕರು ಎರಡೂ ಕಡೆಯವರ ಪೈಕಿ ಯಾರಿಗೂ ಸಂಬಂಧಿಕರಾಗಿರಬಾರದು, ಆ ವ್ಯಾಜ್ಯದಲ್ಲಿ ಅವರಿಗೆ ಯಾವ ಆಸಕ್ತಿಯೂ ಇರಬಾರದು, ಇದ್ದರೆ ಎಲ್ಲರೂ ಲಿಖಿತವಾಗಿ ಒಪ್ಪಬೇಕು. ಅವಳ ಹೆತ್ತವರು ನಿಮಗೆ ಪರಿಚಯದವರು ಎಂಬುದನ್ನು ನೀವು ನಿಮ್ಮ ಅರ್ಹತೆಯೆಂದು ಬರೆದಿದ್ದೀರಿ. ಆ ನಿಯಮದ ಆಶಯ ನೋಡಿದರೆ ಅದು ಅನರ್ಹತೆಗೇ ಹತ್ತಿರ.

ಚಿಕ್ಕ ಊರುಗಳ ತೊಡಕು ಇರುವುದೇ ಇಲ್ಲಿ. ಆಡಳಿತ ಮಂಡಳಿ ಎಂದರೆ ಊರಿನ ಮರ್ಯಾದಸ್ಥರು: ಡಾಕ್ಟರ ಶ್ರೀಮತಿ, ಅಡಿಕೆ ಮಂಡಿಯ ಯಜಮಾನರ ಸೊಸೆ, ವಕೀಲರು, ನಿವೃತ್ತ ಬ್ಯಾಂಕ್ ಮ್ಯಾನೇಜರು. ಹೊಡೆಯುವ ಗಂಡಂದಿರು ಯಾವುದೋ ಕಾಡಿನಿಂದ ಬರುತ್ತಾರೆಯೇ? ಇದೇ ಮರ್ಯಾದಸ್ಥರ ಅಳಿಯಂದಿರು, ಸೋದರಳಿಯಂದಿರು, ಲಯನ್ಸ್ ಕ್ಲಬ್ಬಿನ ಗೆಳೆಯರು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಶೇ. 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ಆ ಸಮೀಕ್ಷೆಯಲ್ಲಿ ದೇಶದಲ್ಲೇ ನಾವು ಮೊದಲು. ಇಂಥ ಮೊದಲಿಗೆ ಯಾರೂ ಫ್ಲೆಕ್ಸ್ ಹಾಕಿಸುವುದಿಲ್ಲ. ಅದೇ ಸಮೀಕ್ಷೆ ಹೇಳುವಂತೆ, ದೇಶದಲ್ಲಿ ಏಟು ತಿಂದವರ ಪೈಕಿ ಯಾರ ಬಳಿಯಾದರೂ ಸಹಾಯ ಕೇಳಿದವರು ನೂರಕ್ಕೆ ಸುಮಾರು 14 ಮಂದಿ. ಉಳಿದವರು ಬಾಯಿ ಬಿಡದಿರುವುದಕ್ಕೆ ಕಾರಣಗಳು ನೂರಿರಬಹುದು. ಬಾಯಿ ಬಿಟ್ಟ ಮಾತು ಸಂಜೆಯೊಳಗೆ ಯಾರ ಪಡಸಾಲೆ ಸೇರುತ್ತದೆಂಬ ಅಂದಾಜು ಅವುಗಳಲ್ಲಿ ಒಂದು.

"ಒಂದು ಗಂಟೆ ಕೂರಿಸಿ ಮಾತನಾಡಿದ್ದರೆ" ಎಂದಿದ್ದೀರಿ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಕಟ್ಟಿದವನು ಪಕ್ಕದ ಕೋಣೆಯಲ್ಲಿ ಮಲಗಿದ್ದವನೇ ಇರಬೇಕು. ಟೀಚರ್, ನಿಮ್ಮ ಶಾಲೆಯಲ್ಲಿ ಪೆಟ್ಟು ತಿಂದ ಹುಡುಗನನ್ನೂ ಕೊಟ್ಟ ಹುಡುಗನನ್ನೂ ಕೈಕುಲುಕಿಸಿ ಕಳಿಸಿದ್ದು ನೆನಪಿದೆಯೇ? ಸಂಜೆ ಶಾಲೆ ಬಿಟ್ಟ ಮೇಲೆ ಬೇಲಿಯಾಚೆ ಏನಾಯಿತೆಂದು ಎಷ್ಟು ಸಲ ವಿಚಾರಿಸಿದಿರಿ?

ಹೆಸರು ಕೇಳುವುದೇ ತಪ್ಪೆಂದಲ್ಲ. 1979ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮಹಿಳಾ ಸಂಘಟನೆ 'ವಿಮೋಚನಾ'ದ ಹೆಂಗಸರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿಗೆ ಹೋಗಿ ಕೇಳಿದ್ದೂ ಹೆಸರನ್ನೇ. ಸ್ಟೋವ್ ಸಿಡಿಯಿತು ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತಿದ್ದ ಸಾವುಗಳು ಪ್ರಶ್ನೆಯಾಗಿ ನಿಲ್ಲಲಿ ಎಂದು ಅವರು ಕೇಳಿದರು. ನೀವು ಕೇಳಿದ್ದು ಹಬ್ಬಕ್ಕೆ ಮನೆ ಸೇರಿಸಲು.

ನನ್ನ ಸೋದರತ್ತೆಯೊಬ್ಬರು ಮಲೆನಾಡಿನ ಪುಟ್ಟ ಊರಿನಲ್ಲಿ ಮಹಿಳಾ ಸಮಾಜದ ಖಜಾಂಚಿ. ಹಪ್ಪಳ ಸಂಡಿಗೆ ಮಾರಿದ ಲೆಕ್ಕ, ಹೊಲಿಗೆ ಯಂತ್ರದ ಕಂತು, ಎಲ್ಲವೂ ಕೆಂಪು ರಟ್ಟಿನ ಪುಸ್ತಕದಲ್ಲಿ. ಒಂದು ಮಳೆಗಾಲ ಅವರ ಹಿತ್ತಲ ಕೋಣೆಯಲ್ಲಿ ಮೂರು ವಾರ ಒಬ್ಬ ಹೆಂಗಸಿದ್ದಳು. ಮಾವ ಕೇಳಿದಾಗ "ಹೊಲಿಗೆ ಕಲಿಯಲು ಬಂದವಳು" ಎಂದು ಮುಗಿಸಿದರು. ಎಷ್ಟೋ ವರ್ಷಗಳ ಮೇಲೆ ನಾನು ಕುತೂಹಲ ತಡೆಯದೆ ಅವಳು ಯಾರೆಂದು ಕೇಳಿದೆ. ಅತ್ತೆ ನಕ್ಕರು: "ಗೊತ್ತಿದ್ದರಲ್ಲವೇ ಹೇಳುವುದು? ನಾನು ಕೇಳಿಯೇ ಇರಲಿಲ್ಲ." ಕೆಂಪು ಪುಸ್ತಕದಲ್ಲಿ ಮಾತ್ರ ಆ ಮೂರು ವಾರದ ಅಕ್ಕಿಯ ಲೆಕ್ಕ ಸೇರು ಸಮೇತ ಇದೆ. ಆಡಳಿತ ಮಂಡಳಿ ಎಂದರೆ ನನ್ನ ತಲೆಯಲ್ಲಿ ಮೂಡುವುದು ಆ ಪುಸ್ತಕ.

ನಮ್ಮಲ್ಲಿ ಈಗ ಮಂಡಳಿ ಎಂದರೆ ಆಹ್ವಾನ ಪತ್ರಿಕೆ. ಗೌರವಾಧ್ಯಕ್ಷರು, ಅಧ್ಯಕ್ಷರು, ಕಾರ್ಯಾಧ್ಯಕ್ಷರು, ಮೂವರು ಉಪಾಧ್ಯಕ್ಷರು, ಪೋಷಕರು, ಮಹಾಪೋಷಕರು. ಟ್ಯೂಬ್‌ಲೈಟ್ ಕೊಟ್ಟವರು ಅದರ ಮೇಲೆ ತಮ್ಮ ಹೆಸರು ಬರೆಸಿ ಅರ್ಧ ಬೆಳಕನ್ನು ತಾವೇ ಇಟ್ಟುಕೊಳ್ಳುತ್ತಾರೆ. ಕಟ್ಟಡಕ್ಕೆ ಕೊಡುವ ಕೈ ಸಂಬಳಕ್ಕೆ ಬರುವುದಿಲ್ಲ. 'ಗೌರವ' ಎಂಬ ಪದಕ್ಕೆ ನಾವು ಮಾಡಿರುವ ಗತಿ ನೋಡಿ: ಹಣ ಬೇಡದವರ ಹೆಸರಿನ ಹಿಂದೆ ಅದನ್ನು ಅಂಟಿಸುತ್ತೇವೆ, ಹಣವಿಲ್ಲದೆ ಬದುಕಲಾರದವರಿಗೆ ಸಾಲದಷ್ಟು ಕೊಟ್ಟು ಅದನ್ನೂ 'ಗೌರವಧನ' ಎನ್ನುತ್ತೇವೆ. ನಿಮ್ಮ ಪತ್ರದಲ್ಲಿ "ಸಂಬಳಕ್ಕಿರುವ" ಎಂಬ ಪದದ ಕೆಳಗೆ ಗೆರೆ ಎಳೆದಿದ್ದೀರಿ. ಮೂವತ್ತು ಚಿಲ್ಲರೆ ವರ್ಷ ಸಂಬಳಕ್ಕೇ ಪಾಠ ಹೇಳಿದವರು ನೀವು. ಅದರಿಂದ ನಿಮ್ಮ ಪಾಠ ಕೀಳಾಯಿತೇ?

ನೊಂದ ಮಹಿಳೆಯರಿಗೆಂದು ರಾಜ್ಯ ಸರ್ಕಾರ ತೆರೆದ ಸಾಂತ್ವನ ಕೇಂದ್ರಗಳು ಆರಂಭದಿಂದಲೂ ನಡೆದದ್ದು ಸ್ವಯಂಸೇವಾ ಸಂಸ್ಥೆಗಳ ಹೆಗಲ ಮೇಲೆ. ಅನುದಾನ ತಡವಾದ ತಿಂಗಳುಗಳಲ್ಲಿ ಮಂಡಳಿಯವರು "ಸೇವೆ ಎಂದುಕೊಳ್ಳಿ" ಎಂದು ಸಿಬ್ಬಂದಿಗೆ ಉಪದೇಶ ಮಾಡಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಬಾಡಿಗೆ ಮನೆಯ ಮಾಲೀಕ ಸೇವೆಯನ್ನು ನಗದಾಗಿ ಸ್ವೀಕರಿಸುವುದಿಲ್ಲವಲ್ಲ. ರಾತ್ರಿ ಎರಡಕ್ಕೆ ಕರೆ ಬಂದರೆ ಎದ್ದು ಹೋಗುವವಳು ಆ ಸಮಾಲೋಚಕಿ. ನಿಮ್ಮಂಥ ಹಿರಿಯರ ಮುಖಕ್ಕೇ "ಹೇಳುವಂತಿಲ್ಲ ಮೇಡಂ" ಎನ್ನುವ ಧೈರ್ಯ ಆ ಗೌರವಧನದಲ್ಲಿ ಬರುವಂಥದ್ದಲ್ಲ. ಅಂಥವಳು ಸಿಕ್ಕಿದ್ದು ನಿಮ್ಮ ಸಂಸ್ಥೆಯ ಪುಣ್ಯ.

ಹಾಗಾದರೆ ಕೇಳಬಾರದೇ? ಕೇಳಿ, ಗಂಟಲು ಬಿಟ್ಟು ಕೇಳಿ. ಈ ವರ್ಷ ಎಷ್ಟು ಮಂದಿ ಬಂದರು, ಎಷ್ಟು ಮಂದಿಗೆ ಜಾಗವಿಲ್ಲವೆಂದು ಹಿಂದಕ್ಕೆ ಕಳಿಸಿದಿರಿ, ವಾಪಸು ಹೋದವರನ್ನು ಮತ್ತೆ ವಿಚಾರಿಸಿದವರು ಯಾರು, ಒಳಗಿರುವವರು ಸಿಬ್ಬಂದಿಯ ಮೇಲೇ ದೂರು ಕೊಡಬೇಕಾದರೆ ಎಲ್ಲಿ ಕೊಡಬೇಕು. ಅರ್ಜಿಯನ್ನು ಮೊದಲ ವಿಚಾರಣೆಯಿಂದ 60 ದಿನಗಳೊಳಗೆ ಮುಗಿಸಲು ಮ್ಯಾಜಿಸ್ಟ್ರೇಟರು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ನಿಮ್ಮಲ್ಲಿಂದ ಹೋದ ಅರ್ಜಿಗಳಿಗೆ ಎಷ್ಟು ದಿನ ಹಿಡಿಯಿತು? ಇವುಗಳಲ್ಲಿ ಒಂದಕ್ಕೂ ಯಾರ ಹೆಸರೂ ಬೇಕಾಗಿಲ್ಲ. ಹಾಜರಿ ಪುಸ್ತಕ ಇಟ್ಟು ರೂಢಿಯಿರುವ ನಿಮಗಿಂತ ಚೆನ್ನಾಗಿ ಇದನ್ನು ಮಾಡುವವರು ಆ ಮಂಡಳಿಯಲ್ಲಿ ಇರಲಾರರು.

ಚುನಾವಣೆಗೆ ನಿಲ್ಲಿ. ಗೆದ್ದರೆ ಮೊದಲ ಸಭೆಯ ಮೊದಲ ವಿಷಯವಾಗಿ ಸಮಾಲೋಚಕಿಯ ಸಂಬಳವನ್ನಿಡಿ, ಎರಡನೆಯದಾಗಿ ಅಧ್ಯಕ್ಷಾವಧಿಗೆ ಮಿತಿಯನ್ನು. ಎರಡನೆಯದು ಬಿದ್ದುಹೋಗುತ್ತದೆ, ಆದರೂ ಇಡಿ.

ಪತ್ರದ ಜೊತೆ ವಾರ್ಷಿಕೋತ್ಸವದ ಫೋಟೋ ಕಳಿಸಿ, ಸಾಧ್ಯವಾದರೆ ಪ್ರಕಟಿಸಿ ಎಂದಿದ್ದೀರಿ. ಪ್ರಕಟಿಸುತ್ತಿಲ್ಲ. ಹಿಂದಿನ ಸಾಲಿನಲ್ಲಿ ಎಡದಿಂದ ಮೂರನೆಯವರು ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ನಿಂತಿದ್ದಾರೆ. ಫೋಟೋವನ್ನು ಅಂಚೆಯಲ್ಲಿ ನಿಮಗೇ ಹಿಂದಿರುಗಿಸಿದ್ದೇನೆ.