ಮಗು ಅತ್ತರೆ ದೂರು ಕೊಡ್ತಾರಾ? ಗೋಥೆನ್‌ಬರ್ಗ್‌ಗೆ ಬರುತ್ತಿರುವ ತಂಗಿಗೆ

"ಅಕ್ಕಾ, ಅಲ್ಲಿ ಮಗು ಜೋರಾಗಿ ಅತ್ತರೆ ಪಕ್ಕದ ಮನೆಯವರು ದೂರು ಕೊಡ್ತಾರಂತೆ, ಒಂದೇಟು ಹೊಡೆದರೂ ಮಕ್ಕಳನ್ನ ಕಿತ್ಕೊಂಡು ಹೋಗ್ತಾರಂತೆ, ನಿಜಾನಾ?" ಅಂತ ಕೇಳಿದ್ದೀರಿ. ಜೊತೆಗೆ ಬಟ್ಟೆ, ಅಡುಗೆ ಸಾಮಾನು, ಅಮ್ಮನ ವೀಸಾ, ಮಗನ ಸ್ಕೂಲು, ಎಲ್ಲದರ ಬಗ್ಗೆಯೂ ಒಂದೊಂದು ಪ್ರಶ್ನೆ. ನಾಲ್ಕು ವರ್ಷದ ಮಗ, ಹೊಟ್ಟೆಯಲ್ಲಿ ಐದು ತಿಂಗಳ ಕೂಸು, ಜನವರಿಯಲ್ಲಿ ಮೈಸೂರು ಬಿಟ್ಟು ಸ್ವೀಡನ್. ನಿಮ್ಮ ಭಯ ನನಗೆ ಚೆನ್ನಾಗಿ ಗೊತ್ತು. ನಾನೂ ಬಸುರಿಯಾಗಿದ್ದಾಗಲೇ ತೀರ್ಥಹಳ್ಳಿಯಿಂದ ಇಲ್ಲಿಗೆ ಬಂದವಳು.

ಚಿಕ್ಕ ಪ್ರಶ್ನೆಗಳು ಮೊದಲು ಮುಗಿಸಿಬಿಡೋಣ. ಬಟ್ಟೆಗೆ ಸೂಟ್‌ಕೇಸ್ ತುಂಬಿಸಬೇಡಿ. ಮೈಸೂರಿನ ಸ್ವೆಟರ್ ಇಲ್ಲಿಯ ಗಾಳಿಮಳೆಗೆ ಏನೇನೂ ಸಾಲದು. ಮಕ್ಕಳ ಓವರಾಲ್, ಮಳೆ ಬೂಟು, ಉಣ್ಣೆಯ ಒಳಬಟ್ಟೆ ಎಲ್ಲ ಇಲ್ಲೇ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಚೆನ್ನಾಗಿರುವುದೇ ಸಿಗುತ್ತದೆ. ಕುಕ್ಕರ್ ತನ್ನಿ, ಇಂಡಕ್ಷನ್ ತಳದ್ದೇ ಆಗಿರಲಿ, ಗ್ಯಾಸ್ಕೆಟ್ ಎರಡು ಜಾಸ್ತಿ ಇರಲಿ. ಅಕ್ಕಿ, ಬೇಳೆ, ಹುಣಸೆಹಣ್ಣು ಇಲ್ಲಿ ಸಿಗುತ್ತವೆ. ಸಾರಿನ ಪುಡಿ ಮಾತ್ರ ಮನೆಯದೇ ಬೇಕು. ಮಗನ ಪ್ರೀಸ್ಕೂಲಿಗೆ ಪರ್ಸನಲ್ ನಂಬರ್ (ನಮ್ಮ ಆಧಾರ್ ಥರದ ಇಲ್ಲಿಯ ಗುರುತಿನ ಸಂಖ್ಯೆ) ಬಂದ ತಕ್ಷಣ ಅರ್ಜಿ ಹಾಕಿ. ಅರ್ಜಿ ಹಾಕಿದ ನಾಲ್ಕು ತಿಂಗಳೊಳಗೆ ಮುನಿಸಿಪಾಲಿಟಿ ಸೀಟು ಕೊಡಬೇಕು ಅಂತ ಕಾನೂನೇ ಇದೆ.

ಈಗ ದೊಡ್ಡ ಪ್ರಶ್ನೆ. ಹೌದು, ಹೊಡೆಯುವ ಹಾಗಿಲ್ಲ. ಒಂದೇಟೂ ಇಲ್ಲ. 1979ರ ಜುಲೈ 1ರಿಂದ ಸ್ವೀಡನ್ನಿನಲ್ಲಿ ಅಪ್ಪ ಅಮ್ಮ ಕೂಡ ಮಗುವಿನ ಮೇಲೆ ಕೈ ಮಾಡುವಂತಿಲ್ಲ. ಜಗತ್ತಿನಲ್ಲೇ ಇಂಥ ಕಾನೂನು ಮೊದಲು ಬಂದದ್ದು ಇಲ್ಲಿ. ಅವಮಾನ ಆಗುವ ಹಾಗೆ ನಡೆಸಿಕೊಳ್ಳುವುದೂ ಅದರಲ್ಲೇ ಬರುತ್ತದೆ. ಕಿವಿ ಹಿಂಡುವುದು, ಬಚ್ಚಲುಮನೆಯಲ್ಲಿ ಕೂಡಿಹಾಕುವುದು, ಎಲ್ಲವೂ.

ಆದರೆ ಸ್ವೀಡನ್ನಿನವರು ಹುಟ್ಟಿನಿಂದಲೇ ಹೀಗಿದ್ದವರಲ್ಲ. ಇವರ ಅಜ್ಜ ಅಜ್ಜಿಯರೂ ಬೆತ್ತ ಹಿಡಿದೇ ಮಕ್ಕಳನ್ನು ಬೆಳೆಸಿದವರು. ಶಾಲೆಗಳಲ್ಲಿ ಹೊಡೆಯುವುದು ನಿಂತದ್ದೇ 1958ರಲ್ಲಿ. 1979ರಲ್ಲಿ ಕಾನೂನು ಬಂದಾಗ ಪೊಲೀಸರನ್ನು ಮನೆಮನೆಗೆ ಕಳಿಸಲಿಲ್ಲ. ಹೊಡೆಯದೆ ಮಕ್ಕಳನ್ನು ಬೆಳೆಸುವುದು ಹೇಗೆ ಅಂತ ಪುಸ್ತಿಕೆ ಮಾಡಿ ಮಕ್ಕಳಿರುವ ಮನೆಗಳಿಗೆಲ್ಲ ಹಂಚಿದರು. ಹಾಲಿನ ಪ್ಯಾಕೆಟ್ ಮೇಲೂ ಅದೇ ವಿಷಯ ಅಚ್ಚು ಹಾಕಿಸಿದರು. ಬೆಳಗ್ಗೆ ತಿಂಡಿ ತಿನ್ನುವಾಗ ಅಪ್ಪ, ಅಮ್ಮ, ಮಗು ಮೂವರ ಕಣ್ಣಿಗೂ ಬೀಳಲಿ ಅಂತ. ಇದನ್ನು ಕೇಳಿದ ಮೇಲೆ ನನಗೆ ಈ ದೇಶದ ಮೇಲೆ ಗೌರವ ಹುಟ್ಟಿತು.

ನಮ್ಮಲ್ಲಿ "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಅನ್ನುತ್ತಲೇ ಕೋಲು ತೆಗೆದುಕೊಳ್ಳುತ್ತಾರೆ, ಅಲ್ವಾ? 2007ರಲ್ಲಿ ನಮ್ಮ ಕೇಂದ್ರ ಸರ್ಕಾರವೇ ಒಂದು ದೊಡ್ಡ ಅಧ್ಯಯನ ಮಾಡಿಸಿತ್ತು. ಮಾತಾಡಿಸಿದ ಮಕ್ಕಳಲ್ಲಿ ಮೂವರಿಗೆ ಇಬ್ಬರು ಏಟು ತಿಂದವರು. ಪ್ರೀತಿ ಇಲ್ಲದ ಮನೆಗಳಲ್ಲಿ ಮಾತ್ರ ಹೀಗಾಗುತ್ತದೆ ಅಂತ ನಾನು ನಂಬುವುದಿಲ್ಲ. ಪ್ರೀತಿ ತುಂಬಿದ ಮನೆಗಳಲ್ಲೂ ಆಗುತ್ತದೆ.

ಇನ್ನು ಕಿತ್ಕೊಂಡು ಹೋಗುವ ಮಾತು. ನಿಮ್ಮ ಮನಸ್ಸಿನಲ್ಲಿರುವುದು ನಾರ್ವೆಯ ಸುದ್ದಿ. 2011ರಲ್ಲಿ ಸ್ಟಾವಂಗರ್ ಊರಿನಲ್ಲಿದ್ದ ಒಂದು ಭಾರತೀಯ ಕುಟುಂಬದ ಇಬ್ಬರು ಮಕ್ಕಳನ್ನು ಅಲ್ಲಿಯ ಇಲಾಖೆ ತನ್ನ ವಶಕ್ಕೆ ತೆಗೆದುಕೊಂಡಿತ್ತು. ದೆಹಲಿಯವರೆಗೂ ವಿಷಯ ಹೋಗಿ 2012ರಲ್ಲಿ ಮಕ್ಕಳು ಭಾರತಕ್ಕೆ ಬಂದರು. ಕೈಯಲ್ಲಿ ಉಣ್ಣಿಸಿದ್ದಕ್ಕೆ ಹೀಗಾಯಿತು ಅಂತ ನಮ್ಮ ಕಡೆ ಎಲ್ಲರ ಬಾಯಲ್ಲೂ ಉಳಿದುಬಿಟ್ಟಿದೆ. ಅದು ಬೇರೆ ದೇಶ, ಬೇರೆ ಇಲಾಖೆ. ಇಲ್ಲಿ ನಾನು ಮಗಳಿಗೆ ಪಾರ್ಕಿನ ಬೆಂಚಿನ ಮೇಲೆ, ನರ್ಸ್ ಮುಂದೆ, ಎಲ್ಲ ಕಡೆ ಕೈಯಿಂದಲೇ ಮೊಸರನ್ನ ತಿನ್ನಿಸಿದ್ದೇನೆ. ಯಾರೂ ಹುಬ್ಬು ಗಂಟಿಕ್ಕಲಿಲ್ಲ. ಜೊತೆಯಲ್ಲಿ ಮಲಗಿಸಿಕೊಳ್ಳುವುದಕ್ಕೂ ಅಷ್ಟೇ. ಮೊದಲ ಮೂರು ತಿಂಗಳು ಮಾತ್ರ ಕೂಸನ್ನು ಅದರದೇ ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಅನ್ನುತ್ತಾರೆ, ಉಸಿರುಗಟ್ಟುವ ಅಪಾಯ ಇರುವುದರಿಂದ. ಅದನ್ನು ಕೇಳಿ.

ದೂರು ಹೋಗುವುದೇ ಇಲ್ಲ ಅಂತ ಹೇಳುವುದಿಲ್ಲ. ಟೀಚರ್, ಡಾಕ್ಟರ್, ನರ್ಸ್ ಇವರಿಗೆ ಒಂದು ಮಗುವಿನ ಬಗ್ಗೆ ಆತಂಕ ಬಂದರೆ ಸೋಷಿಯಲ್ ಇಲಾಖೆಗೆ, ಅಂದರೆ ಮಕ್ಕಳ ರಕ್ಷಣೆ ನೋಡಿಕೊಳ್ಳುವ ಮುನಿಸಿಪಾಲಿಟಿಯ ಇಲಾಖೆಗೆ, ತಿಳಿಸಲೇಬೇಕು, ಅದು ಅವರ ಕರ್ತವ್ಯ. ಹಾಗೆ ತಿಳಿಸಿದ ಮಾತ್ರಕ್ಕೆ ಯಾರೂ ಮಗುವನ್ನು ಎತ್ತಿಕೊಂಡು ಹೋಗುವುದಿಲ್ಲ. ವಿಚಾರಣೆ ಬೇಕೋ ಬೇಡವೋ ಅಂತ 14 ದಿನದೊಳಗೆ ನೋಡುತ್ತಾರೆ. ಬೇಕು ಅಂದರೆ ನಾಲ್ಕು ತಿಂಗಳೊಳಗೆ ಮುಗಿಸುತ್ತಾರೆ. ನಿಮ್ಮನ್ನು ಕೂರಿಸಿಕೊಂಡು ಮಾತಾಡುತ್ತಾರೆ, ಬೇಕಾದರೆ ದುಭಾಷಿ ಇರುತ್ತಾರೆ. ನೀವು ಒಪ್ಪದಿದ್ದರೂ ಮಗುವನ್ನು ಬೇರೆ ಕಡೆ ಇಡಬೇಕು ಅಂದರೆ ಅದು ಕೋರ್ಟಿಗೆ ಹೋಗಬೇಕು. ತುರ್ತಾಗಿ ಮೊದಲೇ ಕರೆದುಕೊಂಡು ಹೋದರೂ ಒಂದು ವಾರದೊಳಗೆ ಕೋರ್ಟಿನ ಮುಂದೆ ಇಡಬೇಕು, ನಿಮಗೆ ಸರ್ಕಾರವೇ ವಕೀಲರನ್ನು ಕೊಡುತ್ತದೆ. ಇಲಾಖೆಯವರು ತಪ್ಪೇ ಮಾಡುವುದಿಲ್ಲ ಅಂತಲ್ಲ. ಆದರೆ ವಾಟ್ಸ್ಯಾಪ್‌ನಲ್ಲಿ ಓಡಾಡುವ ಕಥೆಗಳಿಗೂ ಇದಕ್ಕೂ ಅಜಗಜಾಂತರ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮಗ ಹಟ ಮಾಡಿದಾಗ "ಸೋಷಿಯಲ್‌ನವರು ಹಿಡ್ಕೊಂಡು ಹೋಗ್ತಾರೆ" ಅಂತ ಹೆದರಿಸಬೇಡಿ. ನಮ್ಮವರ ಮನೆಗಳಲ್ಲಿ ಗುಮ್ಮನ ಜಾಗಕ್ಕೆ ಈಗ ಇವರು ಬಂದಿದ್ದಾರೆ. ನಾಳೆ ಆ ಮಗುವಿಗೆ ಬಸ್ಸಿನಲ್ಲೋ, ಆಟದ ಕ್ಲಬ್ಬಿನಲ್ಲೋ ಯಾರಾದರೂ ಕೆಟ್ಟದಾಗಿ ಮುಟ್ಟಿದರೆ ಅದು ಯಾರ ಹತ್ತಿರ ಹೇಳಬೇಕು? ಹೇಳಿದರೆ ನನ್ನನ್ನೇ ಹಿಡ್ಕೊಂಡು ಹೋಗ್ತಾರೆ ಅಂತ ಬಾಯಿ ಮುಚ್ಚಿಕೊಳ್ಳುತ್ತದೆ. ಅದರ ಬದಲು 116 111 ಅಂತ ಒಂದು ನಂಬರ್ ಇದೆ ಅಂತ ಹೇಳಿಕೊಡಿ. ಬ್ರಿಸ್ ಅನ್ನುವ ಸಂಸ್ಥೆಯದು, ಮಕ್ಕಳೇ ಫೋನ್ ಮಾಡಿ ಮಾತಾಡಬಹುದು. ನಮ್ಮ 1098 ಇದ್ದ ಹಾಗೆ. ಓದಲು ಬರುವ ಹೊತ್ತಿಗೆ ಮಗನಿಗೆ ಇದು ಬಾಯಿಪಾಠ ಇರಲಿ.

ಈಗ ನೀವು ಕೇಳದೇ ಇದ್ದದ್ದನ್ನು ಹೇಳುತ್ತೇನೆ. ನೀವು ಹೆದರಬೇಕಾದದ್ದು ಕಾನೂನಿಗಲ್ಲ, ಒಂಟಿತನಕ್ಕೆ.

ಊರಲ್ಲಿ ಕೂಸು ಅತ್ತರೆ ಎತ್ತಿಕೊಳ್ಳಲು ಅತ್ತೆ ಇರುತ್ತಾರೆ, ನಾದಿನಿ ಇರುತ್ತಾಳೆ, ಪಕ್ಕದ ಮನೆಯ ಅಜ್ಜಿ "ಕೊಡೇ ಇಲ್ಲಿ" ಅಂತ ಕಸಿದುಕೊಂಡು ಹೋಗುತ್ತಾರೆ. ನಿಮಗೆ ಸಿಟ್ಟು ತಲೆಗೇರುವ ಮೊದಲೇ ಮಗು ಬೇರೆಯವರ ಸೊಂಟದ ಮೇಲೆ ಇರುತ್ತದೆ. ಇಲ್ಲಿ ಯಾರೂ ಇಲ್ಲ. ನೀವು, ಮಗು, ಗೋಡೆ.

ನನ್ನ ಅಮ್ಮ ವಿಸಿಟರ್ ವೀಸಾದಲ್ಲಿ ಬಂದಿದ್ದರು. 90 ದಿನ ಮಾತ್ರ. ಹೆರಿಗೆಗೆ ತಿಂಗಳಿರುವಾಗಲೇ ಬಂದದ್ದರಿಂದ ಬಾಣಂತನ ಅರ್ಧಕ್ಕೇ ನಿಂತಿತು. ಎಣ್ಣೆನೀರು, ಮೆಣಸಿನ ಸಾರು, ಓಮದ ಕಷಾಯ, ಎಲ್ಲ ಅಮ್ಮನ ಜೊತೆ ವಿಮಾನ ಹತ್ತಿ ಹೋಯಿತು. ಡಿಸೆಂಬರ್ ಬೇರೆ. ಮಧ್ಯಾಹ್ನ ಮೂರೂವರೆಗೇ ಕತ್ತಲು. ಇವರು ಆಫೀಸಿಗೆ ಹೋದರೆ ಬರುವುದು ಆರಕ್ಕೆ. ಮಗಳು ಸಂಜೆಯಾದರೆ ಕೈಕಾಲು ಬಿಗಿಹಿಡಿದು, ಮುಖ ಕೆಂಪಗೆ ಮಾಡಿಕೊಂಡು ಗಂಟೆಗಟ್ಟಲೆ ಅಳುತ್ತಿದ್ದಳು. ಹಾಲು ಬೇಡ, ಜೋಗುಳ ಬೇಡ. ಒಂದು ದಿನ ಅವಳ ಎರಡೂ ಭುಜ ಹಿಡಿದಿದ್ದೆ. ಜೋರಾಗಿ ಕುಲುಕಿಬಿಡಬೇಕು ಅನ್ನಿಸಿತು. ಕುಲುಕಲಿಲ್ಲ. ಆದರೆ ಹಾಗೆ ಅನ್ನಿಸಿದ್ದು ನನ್ನನ್ನು ರಾತ್ರಿಯಿಡೀ ನಿದ್ದೆಗೆ ಬಿಡಲಿಲ್ಲ.

ಇಲ್ಲಿ ಪ್ರತಿ ಏರಿಯಾದಲ್ಲೂ ಬಿವಿಸಿ ಅಂತ ಇರುತ್ತದೆ, ಮಕ್ಕಳ ಆರೋಗ್ಯ ಕೇಂದ್ರ. ದುಡ್ಡಿಲ್ಲ. ಕೂಸು ಮನೆಗೆ ಬಂದ ಹೊಸದರಲ್ಲಿ ನರ್ಸ್ ಮನೆಗೇ ಬಂದು ನೋಡುತ್ತಾರೆ, ನಮ್ಮೂರ ಆಶಾ ಕಾರ್ಯಕರ್ತೆಯರ ಹಾಗೆ. ಆಮೇಲೆ ತೂಕ, ಲಸಿಕೆಗೆ ನಾವು ಹೋಗಬೇಕು. ಎರಡು ತಿಂಗಳ ಹೊತ್ತಿಗೆ ತಾಯಿಗೆ ಹತ್ತು ಪ್ರಶ್ನೆಗಳ ಒಂದು ಹಾಳೆ ಕೊಡುತ್ತಾರೆ. ನಗು ಬರುತ್ತಾ, ನಿದ್ದೆ ಬರುತ್ತಾ, ಸುಮ್ನೆ ಭಯ ಆಗುತ್ತಾ, ಹೀಗೆ. ಹೆರಿಗೆ ನಂತರದ ಖಿನ್ನತೆ ಪತ್ತೆ ಮಾಡುವುದಕ್ಕೆ. "ಎಲ್ಲ ಚೆನ್ನಾಗಿದೆ ಅಂತಲೇ ಬರಿ, ಇಲ್ಲದಿದ್ದರೆ ಮಗು ಹೋಗುತ್ತೆ" ಅಂತ ನನಗೂ ಹೇಳಿದವರಿದ್ದರು. ನಾನು ಇದ್ದದ್ದನ್ನೇ ಬರೆದೆ. ಭುಜ ಹಿಡಿದದ್ದನ್ನೂ ಅಳುತ್ತಾ ಹೇಳಿದೆ.

ಆ ನರ್ಸ್ ಪೆನ್ನು ಕೆಳಗಿಟ್ಟರು. ಮಗಳನ್ನು ತಾವೇ ಎತ್ತಿಕೊಂಡರು. "ಹಾಗನ್ನಿಸಿದಾಗ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ, ಬಾಗಿಲು ಮುಂದೆ ಮಾಡಿ, ಅಡುಗೆಮನೆಗೆ ಹೋಗಿ ನೀರು ಕುಡಿ. ಸ್ವಲ್ಪ ಹೊತ್ತು ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ. ಕುಲುಕಿದರೆ ಮೆದುಳಿಗೆ ಪೆಟ್ಟಾಗುತ್ತದೆ" ಅಂದರು. ಅಷ್ಟೇ. ಬೈಗುಳ ಇಲ್ಲ, ದೂರು ಇಲ್ಲ. ವಾರ ವಾರ ಬಂದು ಮಾತಾಡಿ ಹೋಗು ಅಂತ ಸಮಯ ಕೊಟ್ಟರು. ನನ್ನ ಗಂಡನನ್ನು ಬೇರೆಯಾಗಿ ಕರೆಸಿ ಮಾತಾಡಿದರು. ಅಪ್ಪನಿಗೂ ರಜೆ ಇದೆ, ತೆಗೆದುಕೋ ಅಂತ ಹೇಳಿದವರೂ ಅವರೇ. ಒಂದು ಮಗುವಿಗೆ ಅಪ್ಪ ಅಮ್ಮನಿಗೆ ಸೇರಿ 480 ದಿನದ ರಜೆ, ಅದರಲ್ಲಿ ಒಬ್ಬೊಬ್ಬರ 90 ದಿನ ಇನ್ನೊಬ್ಬರಿಗೆ ಕೊಡುವಂತಿಲ್ಲ. ನಿಮ್ಮವರಿಗೂ ಇದನ್ನು ಈಗಲೇ ಹೇಳಿಡಿ. "ಆಫೀಸಿನಲ್ಲಿ ಏನಂದುಕೊಳ್ತಾರೋ" ಅನ್ನುವ ಮಾತು ಇಲ್ಲಿ ಬೇಡ. ಅಪ್ಪಂದಿರು ತಳ್ಳುಗಾಡಿ ತಳ್ಳಿಕೊಂಡು ಓಡಾಡುವುದನ್ನು ನೀವೇ ನೋಡುತ್ತೀರಿ.

ಅದೇ ನರ್ಸ್ ನನ್ನನ್ನು ಓಪನ್ ಪ್ರೀಸ್ಕೂಲಿಗೆ ಕಳಿಸಿದರು. ಹೆಸರು ಬರೆಸಬೇಕಿಲ್ಲ, ಫೀಸಿಲ್ಲ. ತಾಯಿಯೋ ತಂದೆಯೋ ಮಗುವಿನ ಜೊತೆಗೇ ಕೂರುತ್ತಾರೆ. ನೆಲದ ಮೇಲೆ ಚಾಪೆ, ಆಟಿಕೆ, ಒಂದು ಹೊತ್ತಿಗೆ ಎಲ್ಲರೂ ಸುತ್ತ ಕೂತು ಹಾಡು. ನನ್ನ ಪಕ್ಕ ಸೊಮಾಲಿಯಾದ ಒಬ್ಬಾಕೆ, ಎದುರಿಗೆ ಸ್ವೀಡನ್ನಿನ ಒಬ್ಬ ತಂದೆ. ಭಾಷೆ ಬರದು. ಆದರೆ ಮೂವರ ಕಣ್ಣ ಕೆಳಗೂ ಅದೇ ಕಪ್ಪು. ಆ ಸೊಮಾಲಿಯಾದಾಕೆ ಏನೂ ಕೇಳದೆ ಮಗಳನ್ನು ನನ್ನ ಕೈಯಿಂದ ತೆಗೆದುಕೊಂಡು ಭುಜಕ್ಕೆ ಹಾಕಿಕೊಂಡಳು, ನಮ್ಮೂರ ಅಜ್ಜಿ ಮಾಡುವ ಹಾಗೆಯೇ. ಅಮ್ಮ ಹೋದ ಮೇಲೆ ಮೊದಲ ಸಲ ನಾನು ಬಿಸಿ ಇರುವಾಗಲೇ ಕಾಫಿ ಕುಡಿದದ್ದು ಅವತ್ತು.

ಕೆಲವು ಕಡೆ ಬಿವಿಸಿ, ಬಸುರಿಯರ ಕ್ಲಿನಿಕ್, ಓಪನ್ ಪ್ರೀಸ್ಕೂಲ್, ಸೋಷಿಯಲ್ ಇಲಾಖೆಯವರು ಎಲ್ಲ ಒಂದೇ ಕಟ್ಟಡದಲ್ಲಿ ಇರುತ್ತಾರೆ. ಫ್ಯಾಮಿಲಿ ಸೆಂಟರ್ ಅದು. ನಿಮ್ಮ ಮನೆ ಹತ್ತಿರ ಇದ್ದರೆ ನಿಮ್ಮ ಅದೃಷ್ಟ. ಮಗ ಮಾತು ಕೇಳುತ್ತಿಲ್ಲ, ನನಗೆ ಕೈ ಬೀಸುವಷ್ಟು ಸಿಟ್ಟು ಬರುತ್ತಿದೆ ಅಂತ ನೀವಾಗಿಯೇ ಹೋಗಿ ಹೇಳಬಹುದು. ಅಪ್ಪ ಅಮ್ಮಂದಿರಿಗೆ ಬಿಟ್ಟಿ ಕ್ಲಾಸುಗಳೂ ಇವೆ. ನಾಲ್ಕು ವರ್ಷದವನಿಗೆ ತಂಗಿಯೋ ತಮ್ಮನೋ ಬಂದಾಗ ಅವನ ರಂಪ ಜಾಸ್ತಿಯಾಗುತ್ತದೆ. ಅದಕ್ಕೆ ಮೊದಲೇ ಹೋಗಿ ಬನ್ನಿ.

ನನಗೆ ಈಗಲೂ ಸಂಕಟವಾಗುವ ವಿಷಯ ಒಂದಿದೆ. ನಾನು ಗೋಥೆನ್‌ಬರ್ಗ್‌ನ ಹಿಸಿಂಗೆನ್ ಭಾಗದಲ್ಲಿ ಇದ್ದ ಆ ವರ್ಷವೇ, ಟ್ರಾಮ್‌ನಲ್ಲಿ ಸ್ವಲ್ಪ ದೂರದಲ್ಲಿ, ನಮ್ಮ ಕರ್ನಾಟಕದವಳೇ ಒಬ್ಬಳು ಇಬ್ಬರು ಮಕ್ಕಳೊಂದಿಗೆ ಇದ್ದಳು. ಹೆದರಿಕೆಯಿಂದ ಬಿವಿಸಿಯಲ್ಲಿ ಏನೂ ಹೇಳುತ್ತಿರಲಿಲ್ಲ. ಸ್ನಾನ, ಊಟ, ಯಾವುದಕ್ಕೂ ಏಳಲು ಆಗದ ಸ್ಥಿತಿಗೆ ಬಂದಿದ್ದಳು. ದೊಡ್ಡ ಮಗು ಫ್ರಿಜ್ ತೆಗೆದು ಸಿಕ್ಕಿದ್ದನ್ನು ತಿನ್ನುತ್ತಿತ್ತಂತೆ. ಯಾರೂ ಆ ಮಕ್ಕಳಿಗೆ ಹೊಡೆದಿರಲಿಲ್ಲ. ನೋಡಿಕೊಳ್ಳುವವರೂ ಇರಲಿಲ್ಲ. ಕೊನೆಗೆ ಊರಿಗೆ ವಾಪಸ್ ಹೋದಳು. ಇದೆಲ್ಲ ನನಗೆ ಗೊತ್ತಾದದ್ದು ವರ್ಷಗಳ ನಂತರ. ಯುಗಾದಿಗೆ, ರಾಜ್ಯೋತ್ಸವಕ್ಕೆ ನಾವು ಹಾಲ್ ತುಂಬ ಸೇರುತ್ತಿದ್ದೆವು, ಬರದೇ ಇದ್ದವರು ಯಾರು ಅಂತ ಕೇಳುವ ಪದ್ಧತಿ ನಮ್ಮಲ್ಲಿ ಇರಲಿಲ್ಲ.

ಈಗ ನಮ್ಮ ಕನ್ನಡದವರಲ್ಲಿ ಬಾಣಂತಿ ಇರುವ ಮನೆಗೆ ಸರದಿ ಮೇಲೆ ಸಾರು, ಪಲ್ಯ ಹೋಗುತ್ತದೆ. ಸಾರು ಕೊಟ್ಟು ಬಾಗಿಲಲ್ಲೇ ತಿರುಗಿ ಬರುವುದಿಲ್ಲ. ಒಳಗೆ ಕೂತು, ಕೂಸನ್ನು ಎತ್ತಿಕೊಂಡು, ತಾಯಿಗೆ "ಹೋಗಿ ತಲೆಗೆ ನೀರು ಹಾಕಿಕೊಂಡು ಬಾ" ಅನ್ನುತ್ತೇವೆ. ದೊಡ್ಡ ಮಗುವನ್ನು ಪಾರ್ಕಿಗೆ ಕರೆದುಕೊಂಡು ಹೋಗುತ್ತೇವೆ. ಯಾರಿಗಾದರೂ ತೀರಾ ಕಷ್ಟ ಅನ್ನಿಸಿದರೆ ಬಿವಿಸಿಗೆ ಜೊತೆಯಲ್ಲಿ ಹೋಗಿ ಕೂರುತ್ತೇವೆ. ನೀವು ಬಂದ ಮೇಲೆ ನಿಮ್ಮ ಮನೆಗೂ ಬರುತ್ತೇವೆ, ಬೇಡ ಅನ್ನಬೇಡಿ.

ಅಮ್ಮನ ವೀಸಾಕ್ಕೆ ಬರುತ್ತೇನೆ. ಕೂಸು ಹುಟ್ಟಲು ವಾರ ಹತ್ತು ದಿನ ಇರುವಾಗ ಬರುವ ಹಾಗೆ ಟಿಕೆಟ್ ಮಾಡಿಸಿ, ನನ್ನ ಹಾಗೆ ತಿಂಗಳು ಮುಂಚೆ ಬೇಡ. 90 ದಿನಕ್ಕಿಂತ ಜಾಸ್ತಿ ಇರಬೇಕಾದರೆ ಅದಕ್ಕೆ ಬೇರೆ ಪರ್ಮಿಟ್ ಇದೆ, ಊರಿನಿಂದ ಹೊರಡುವ ಮೊದಲೇ ಅರ್ಜಿ ಹಾಕಬೇಕು. 2024ರ ಜುಲೈನಿಂದ ಅಪ್ಪ ಅಮ್ಮ ತಮ್ಮ ರಜೆಯಲ್ಲಿ ತಲಾ 45 ದಿನದವರೆಗೆ ಅಜ್ಜಿಗೋ ಬೇರೆಯವರಿಗೋ ಕೊಡಬಹುದು ಅಂತ ಹೊಸ ನಿಯಮ ಬಂದಿದೆ. ಕೇಳಲು ಚೆನ್ನಾಗಿದೆ, ಆದರೆ ಅದು ಇಲ್ಲಿಯ ವಿಮೆಯಲ್ಲಿ ಇರುವವರಿಗೆ ಮಾತ್ರ. ವಿಸಿಟರ್ ವೀಸಾದ ನಮ್ಮ ಅಮ್ಮಂದಿರಿಗೆ ಸಿಗುವುದಿಲ್ಲ. ಸಾಂಬ್ರಾಣಿ ಹೊಗೆ ಹಾಕುವಾಗ ಮನೆಯೊಳಗೆ ಸ್ಮೋಕ್ ಅಲಾರಂ ಇರುತ್ತದೆ ಅಂತಲೂ ಅಮ್ಮನಿಗೆ ಹೇಳಿ.

ಜನವರಿಯಲ್ಲಿ ಇಳಿದ ವಾರದಲ್ಲೇ ಬಸುರಿಯರ ಕ್ಲಿನಿಕ್ಕಿಗೆ ಹೆಸರು ಬರೆಸಿ, ಪರ್ಸನಲ್ ನಂಬರ್ ಬರಲಿ ಅಂತ ಕಾಯಬೇಡಿ. ಮೈಸೂರಿನ ಸ್ಕ್ಯಾನಿಂಗ್ ರಿಪೋರ್ಟು, ಮಗನ ಲಸಿಕೆ ಕಾರ್ಡು ಕೈಚೀಲದಲ್ಲೇ ಇರಲಿ. ಮೊದಲ ಭೇಟಿಗೆ ನಾನು ಬರುತ್ತೇನೆ, ದಿನ ತಿಳಿಸಿ.