ಕಾರು ನಿಂತರೂ ಎಸ್‌ಆರ್-22 ನಿಲ್ಲಬಾರದು

ಬೇಸಿಗೆ ರಜೆ ಹತ್ತಿರ ಬಂದರೆ ಸಾಕು, ಅಮೆರಿಕದಲ್ಲಿರುವ ನಮ್ಮ ಕನ್ನಡದವರು ಇನ್ಶೂರೆನ್ಸಿನವನಾದ ನನ್ನ ಹತ್ತಿರ ಇದೇ ಪ್ರಶ್ನೆ ಹಿಡಿದು ಬರುತ್ತಾರೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ.

ಸರ್, ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಕುಡಿದು ಓಡಿಸಿದ ಕೇಸಿನ ನಂತರ ಡಿಎಂವಿ (ಇಲ್ಲಿನ ಆರ್‌ಟಿಒ) ಎಸ್‌ಆರ್-22 ಕೇಳಿತು. ಅದನ್ನು ಇಟ್ಟುಕೊಳ್ಳಬೇಕಾದ 3 ವರ್ಷದಲ್ಲಿ ಅರ್ಧ ಮುಗಿದಿದೆ. ಈಗ ಮೂರು ತಿಂಗಳು ಊರಿಗೆ ಹೋಗುತ್ತಿದ್ದೇವೆ, ಕಾರು ಗ್ಯಾರೇಜಿನಲ್ಲೇ ಇರುತ್ತದೆ. ಅಷ್ಟು ದಿನ ಇನ್ಶೂರೆನ್ಸ್ ನಿಲ್ಲಿಸಬಹುದಾ?

ಬೇಡ. ಎಸ್‌ಆರ್-22 ಇನ್ಶೂರೆನ್ಸೇ ಅಲ್ಲ. 'ಇವರ ಹತ್ತಿರ ಲಯಬಿಲಿಟಿ ಪಾಲಿಸಿ (ಇವರಿಂದ ಬೇರೆಯವರಿಗಾದ ನಷ್ಟ ತುಂಬುವ ವಿಮೆ) ಇದೆ' ಎಂದು ನಿಮ್ಮ ಕಂಪನಿ ಡಿಎಂವಿಗೆ ಕಳಿಸಿದ ಕಾಗದ ಅದು. ಪಾಲಿಸಿ ನಿಂತರೆ ಅದೇ ಕಂಪನಿ ಎಸ್‌ಆರ್-26 ಎಂಬ ಇನ್ನೊಂದು ಕಾಗದ ಕಳಿಸುತ್ತದೆ. ನೀವು ಊರಲ್ಲಿ ಹಲಸಿನ ಹಣ್ಣು ಬಿಡಿಸುತ್ತಾ ಕೂತಿರುವಾಗ ಇಲ್ಲಿ ಲೈಸೆನ್ಸ್ ಅಮಾನತಾಗಿರುತ್ತದೆ. ಅಮಾನತಿನ ಪತ್ರ ಬೀಗ ಹಾಕಿದ ಮನೆಯ ಮುಂದೆ ಟಪಾಲು ಡಬ್ಬಿಯಲ್ಲಿ ಬಿದ್ದಿರುತ್ತದೆ. ವಾಪಸ್ ಬಂದು, ಗೊತ್ತಿಲ್ಲದೆ ಹಾಲು ತರಲು ಕಾರು ತೆಗೆದಿರೋ, ಹೊಸ ಕೇಸು. ಹಲವು ರಾಜ್ಯಗಳಲ್ಲಿ ವರ್ಷದ ಎಣಿಕೆಯೂ ಮತ್ತೆ ಮೊದಲಿನಿಂದ ಶುರು.

'ಕಾರು ಓಡುವುದೇ ಇಲ್ಲವಲ್ಲ' ಎನ್ನುತ್ತೀರಿ. ಇದು ಅಂಟಿಕೊಂಡಿರುವುದು ನಿಮ್ಮ ಲೈಸೆನ್ಸಿಗೆ, ಕಾರಿಗಲ್ಲ. ನಿಂತ ಕಾರಿಗೆ ಬರೀ ಕಾಂಪ್ರಿಹೆನ್ಸಿವ್ (ಕಳ್ಳತನ, ಬೆಂಕಿಯಂಥ ನಷ್ಟದ ವಿಮೆ) ಇಟ್ಟುಕೊಳ್ಳಿ ಎಂದು ಗೆಳೆಯರು ಹೇಳಿಕೊಡುತ್ತಾರೆ. ಅದರಲ್ಲಿ ಲಯಬಿಲಿಟಿ ಇರುವುದಿಲ್ಲ, ಹಾಗಾಗಿ ಕೆಲಸಕ್ಕೆ ಬಾರದು. ಕಾರು ಮಾರಿಯೇ ಹೋಗುವುದಾದರೆ ನಾನ್-ಓನರ್ ಪಾಲಿಸಿ, ಅಂದರೆ ಸ್ವಂತ ಕಾರಿಲ್ಲದವರ ಪಾಲಿಸಿ, ತೆಗೆದುಕೊಂಡು ಎಸ್‌ಆರ್-22 ಅದಕ್ಕೆ ಹಾಕಿಸಿ. ಆದರೆ ಮನೆಯಲ್ಲಿ ಹೆಂಡತಿಯ ಕಾರನ್ನು ನೀವೂ ಓಡಿಸುತ್ತಿದ್ದರೆ ಆ ದಾರಿ ಸಾಮಾನ್ಯವಾಗಿ ಇಲ್ಲ.

ನನ್ನ ಮಾತು ಕೇಳುವುದಾದರೆ ಪೂರ್ತಿ 6 ತಿಂಗಳ ಪ್ರೀಮಿಯಂ ಒಟ್ಟಿಗೆ ಕಟ್ಟಿ ವಿಮಾನ ಹತ್ತಿ. ಕಂತು ಕಟ್ಟುವ ಕಾರ್ಡಿನ ಅವಧಿ ನಡುವೆ ಮುಗಿದು ಪಾಲಿಸಿ ಕಳೆದುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಕಂಪನಿ ಬದಲಿಸುವವರೂ ಅಷ್ಟೇ, ಹೊಸಬರ ಎಸ್‌ಆರ್-22 ಡಿಎಂವಿ ಸೇರುವ ತನಕ ಹಳೆಯದನ್ನು ಬಿಡಬೇಡಿ. ಇನ್ನೊಂದು, 2025ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಲಯಬಿಲಿಟಿಯ ಕನಿಷ್ಠ ಮಿತಿ ಒಬ್ಬರ ಗಾಯಕ್ಕೆ 15,000 ಡಾಲರಿನಿಂದ 30,000ಕ್ಕೆ ಏರಿದೆ. ಇಲ್ಲಿನ ಆಸ್ಪತ್ರೆ ಬಿಲ್ ನೋಡಿದವರಿಗೆ ಅದೂ ಸಾಲದು ಅಂತ ಗೊತ್ತು. ಜಾಸ್ತಿ ತೆಗೆದುಕೊಳ್ಳಿ.

ಎಸ್‌ಆರ್-22 ಕೇಳಿದ್ದು ಟೆಕ್ಸಸ್. ನ್ಯೂಯಾರ್ಕಿನಲ್ಲಿ ಅದು ಇಲ್ವಂತೆ. ಅಲ್ಲಿಗೆ ಹೋದರೆ ತಪ್ಪುತ್ತದಾ?

ಊರು ಬಿಟ್ಟರೆ ಸಾಲ ತೀರುತ್ತದಾ? ಕೇಳಿದ್ದು ಟೆಕ್ಸಸ್, ಬಿಡಬೇಕಾದ್ದೂ ಟೆಕ್ಸಸ್.

ಲೈಸೆನ್ಸ್ ಅಮಾನತಾಗಿದೆ. ಇಂಡಿಯಾ ಲೈಸೆನ್ಸ್ ತೋರಿಸಿ ಓಡಿಸಬಹುದಾ?

ಅಮಾನತಾಗಿದ್ದು ಓಡಿಸುವ ಹಕ್ಕು, ಬರೀ ಕಾರ್ಡಲ್ಲ. ಈ ಪ್ರಶ್ನೆ ಇನ್ನು ಮೇಲೆ ಕಳಿಸಬೇಡಿ.

ದುಡ್ಡು ಕೊಟ್ಟರೆ ಎಸ್‌ಆರ್-22 ರದ್ದು ಮಾಡಿಸಿಕೊಡುತ್ತೇನೆ ಅಂತ ವಾಟ್ಸಾಪಿನಲ್ಲಿ ಒಬ್ಬರು ಹೇಳುತ್ತಿದ್ದಾರೆ.

ಶುದ್ಧ ಮೋಸ. ಫೈಲ್ ಮಾಡಲು ಕಂಪನಿಗಳು ತೆಗೆದುಕೊಳ್ಳುವುದೇ ಸುಮಾರು 25 ಡಾಲರ್. ರದ್ದು ಮಾಡಿಸುವ ಅಧಿಕಾರ ಆ ಮಹಾನುಭಾವರಿಗೆ ಕೊಟ್ಟವರು ಯಾರು?

ಎಚ್-1ಬಿ ಕೆಲಸದ ವೀಸಾದಲ್ಲಿದ್ದೇನೆ. ಈ ಕೇಸಿನಿಂದ ವೀಸಾಗೆ ತೊಂದರೆಯಾಗುತ್ತದಾ?

ನಾನು ಇನ್ಶೂರೆನ್ಸಿನವನು, ವಕೀಲನಲ್ಲ. ಕುಡಿದು ಓಡಿಸಿದ ಕೇಸಿಗೆ ವೀಸಾ ರದ್ದಾಗುವುದುಂಟು, ಆಗ ಊರಿಂದ ವಾಪಸ್ ಬರಲು ಹೊಸ ವೀಸಾ ಬೇಕು. ಇಮಿಗ್ರೇಷನ್ ವಕೀಲರನ್ನು ಕೇಳಿ, ಅದೂ ಟಿಕೆಟ್ ತೆಗೆಯುವ ಮುಂಚೆ.